ರೇಷ್ಮೆ ಗೂಡು ಈಗಲೇ ಬಿಡಿಸಬಹುದಾ?

ಪ್ರಶ್ನೆ: ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ರೇಷ್ಮೆ ಹುಳು ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಟ್ಟು ಮೂರು ದಿನ ಆಯ್ತು. ಗೂಡು ಗಟ್ಟಿಯಾಗೇ ಕಾಣುತ್ತಿದೆ, ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ). ಬಿಡಿಸಲಾ?

ಉತ್ತರ 1: ಅವಸರ ಬೇಡ. ಒಳಗೆ ಹುಳು ಇನ್ನೂ ಕೋಶ (ಚಿಟ್ಟೆಯಾಗುವ ಮೊದಲಿನ ಹಂತ) ಆಗಿರಲಿಕ್ಕಿಲ್ಲ, ಆಗಿದ್ದರೂ ಚರ್ಮ ಎಳೆಯದು, ಬಿಡಿಸುವಾಗ ಸ್ವಲ್ಪ ಒತ್ತಿದರೂ ಒಡೆದು ಗೂಡೆಲ್ಲ ಕಲೆ. ಒಂದೆರಡು ಗೂಡು ಕತ್ತರಿಸಿ ನೋಡಿ. ಕೋಶ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬಿಡಿಸಿ. ಸಾಮಾನ್ಯವಾಗಿ 6-7ನೇ ದಿನ, ಚಳಿ ಇದ್ದರೆ ಇನ್ನೂ ಜಾಸ್ತಿ.

ಉತ್ತರ 2: ಹಾಗಂತ ಸುಮ್ನೆ ಬಿಟ್ಟುಬಿಡಬೇಡಿ. ಚಿಟ್ಟೆ ತೂತು ಮಾಡಿ ಹೊರಬಂದರೆ ಮುಗೀತು, ಆ ಗೂಡಿನಿಂದ ಎಳೆ ಒಂದೇ ಸಮನೆ ಬಿಚ್ಚಲ್ಲ.

ಉತ್ತರ 3: ನಾನು ಮಗ್ಗದವನು. ಕಲೆ ಗೂಡಿನ ನೂಲು ಪದೇ ಪದೇ ಕಡಿಯುತ್ತೆ. ಹೊಕ್ಕಿಗೆ (ಬಟ್ಟೆಯ ಅಡ್ಡ ಎಳೆಗೆ) ಹೇಗೋ ತಳ್ಳಬಹುದು, ಹಾಸಿಗಂತೂ (ಉದ್ದ ಎಳೆಗೆ) ಬೇಡವೇ ಬೇಡ, ಗಂಟು ಹಾಕಿ ಹಾಕಿ ಸಾಕಾಗುತ್ತೆ. ಸ್ವಲ್ಪ ಕಾಯಿರಿ ಮಾರಾಯ್ರೇ!