ಹೈಸ್ಕೂಲ್ ಗುಂಪಿನಲ್ಲಿ ಗೋಡೆ ಜಗಳ

ಮಂಜು: (ಫಾರ್ವರ್ಡ್) ಹಳೇ ಕಾಲದ ಚೀನಾದಲ್ಲಿ ಪ್ರತಿ ಮನೆ ಗೋಡೆ ಮೇಲೂ ಕವಿತೆ ಇರುತ್ತಿತ್ತು! ಯಾರು ಬರೆದರೂ ಯಾರೂ ಬೈಯುತ್ತಿರಲಿಲ್ಲ! ನಾವು ಕಲಿಯಬೇಕು 🙏🙏

ರವಿ: ನಮ್ಮ ಬಸ್ ಸ್ಟ್ಯಾಂಡ್ ಗೋಡೆ ನೋಡಿಲ್ವಾ? ಅಲ್ಲೂ ಮಹಾಕವಿಗಳಿದ್ದಾರೆ. ಕಂಡವರ ಗೋಡೆ ಮೇಲೆ ಗೀಚುವುದಕ್ಕೆ ಸಂಸ್ಕೃತಿ ಅಂತ ಹೆಸರಾ?

ಸುಮಾ: ಮಂಜು, ಪ್ರತಿ ಮನೆ ಅನ್ನುವುದು ಬುರುಡೆ ಕಣೋ. ಜಾಸ್ತಿ ಬರೆದದ್ದು ಬೌದ್ಧ ಮಠ, ಛತ್ರ, ಸರ್ಕಾರಿ ಕುದುರೆ ಬದಲಿಸುವ ತಂಗುದಾಣಗಳಲ್ಲಿ. 618ರಿಂದ 907ರವರೆಗಿನ ತಾಂಗ್ ದೊರೆಗಳ ಕಾಲದಲ್ಲಿ ಇದರ ಭರಾಟೆ ಜೋರಾಗಿತ್ತು. ರವಿ, ಗೀಚುವುದು ಅನ್ನಬೇಡ. ಅಚ್ಚಿನ ಪುಸ್ತಕ ಇನ್ನೂ ಅಪರೂಪ. ಕವಿತೆ ನಾಲ್ಕು ಜನಕ್ಕೆ ತಲುಪಬೇಕಾದರೆ ದಾರಿಬದಿಯ ಗೋಡೆಯೇ ಗತಿ. ಗೋಡೆಯಲ್ಲಿ ಜಾಗ ಇಲ್ಲದಿದ್ದರೆ ಬರೆಯಲಿ ಅಂತ ಹಲಗೆ ತೂಗುಹಾಕುವವರೂ ಇದ್ದರು.

ಸುಮಾ: ಬೈ ಜುಯಿ ಎಂಬ ಕವಿ ತಂಗುದಾಣ ಬಂದ ಕೂಡಲೇ ಮೊದಲು ಕುದುರೆ ಇಳಿಯುತ್ತಿದ್ದನಂತೆ. ಗೋಡೆ, ಕಂಬ ಸುತ್ತಿ, ಗೆಳೆಯ ಯುವಾನ್ ಜೆನ್ ಏನಾದರೂ ಬರೆದು ಹೋಗಿದ್ದಾನಾ ಅಂತ ಹುಡುಕುತ್ತಿದ್ದ. ಅದನ್ನೂ ಕವಿತೆಯಲ್ಲೇ ಹೇಳಿಕೊಂಡಿದ್ದಾನೆ.

ರವಿ: ಹೆಸರು ಮಾಡಿದವರದ್ದು ಉಳಿಯುತ್ತೆ ಬಿಡು. ಯಾವನೋ ಬಡಪಾಯಿ ಬರೆದರೆ?

ನಾಗವೇಣಿ: ಇದಕ್ಕೆ ಒಂದು ಕಥೆ ಇದೆ. ವಾಂಗ್ ಬೋ ಅಂತ ಬಡ ಹುಡುಗ. ಯಾಂಗ್‌ಜೌ ಊರಿನ ಮಠದಲ್ಲಿ ಬಿಟ್ಟಿ ಊಟ ಮಾಡಿಕೊಂಡು ಓದುತ್ತಿದ್ದ. ಸಂನ್ಯಾಸಿಗಳಿಗೆ ಬೇಸರ ಬಂತು. ಊಟದ ಗಂಟೆಯನ್ನು ಊಟ ಮುಗಿದ ಮೇಲೆ ಬಾರಿಸಿದರು! ಇವನು ಬಂದರೆ ಪಾತ್ರೆ ಖಾಲಿ. ವರ್ಷಗಳಾದ ಮೇಲೆ ಅದೇ ಪ್ರಾಂತ್ಯಕ್ಕೆ ದೊಡ್ಡ ಅಧಿಕಾರಿಯಾಗಿ ಬಂದ. ನೋಡಿದರೆ, ಅವನು ಹಿಂದೆ ಗೋಡೆ ಮೇಲೆ ಬರೆದಿದ್ದ ಸಾಲುಗಳಿಗೆ ಹಸಿರು ತೆಳುಬಟ್ಟೆ ಹೊದಿಸಿದ್ದರು. ಇಷ್ಟು ವರ್ಷ ದೂಳು, ಈಗ ರೇಷ್ಮೆ ಅಂತ ಅದರ ಮೇಲೂ ಒಂದು ಕವಿತೆ ಬರೆದ.

ರವಿ: ಅದೇ ನಾನು ಹೇಳಿದ್ದು! ಕವಿತೆಗಲ್ಲ, ಕುರ್ಚಿಗೆ ಮರ್ಯಾದೆ 😂

ಸುಮಾ: ಮಠದ ವಿಷಯದಲ್ಲಿ ಒಪ್ಪಿದೆ. ಆದರೆ ಚೀನಾದ ಚಾಂಗ್‌ಶಾ ಊರಿನ ಹತ್ತಿರದ ಕುಂಬಾರರನ್ನು ಮರೆಯಬೇಡ. ಹೂಜಿ ಮೇಲೆ ಕುಂಚದಲ್ಲಿ ಕವಿತೆ ಬರೆದು, ಮೇಲೆ ಗಾಜಿನಂಥ ಲೇಪ ಕೊಟ್ಟು ಸುಡುತ್ತಿದ್ದರು. ದಿನಬಳಕೆಯ ಮಾಲು, ಬರೆದವರ ಹೆಸರೂ ಇಲ್ಲ. ಒಂದರಲ್ಲಿ ಹೀಗಿದೆ: ನೀನು ಹುಟ್ಟಿದಾಗ ನಾನಿರಲಿಲ್ಲ, ನಾನು ಹುಟ್ಟುವಷ್ಟರಲ್ಲಿ ನಿನಗೆ ವಯಸ್ಸಾಗಿತ್ತು. ನಾನು ತಡವಾಗಿ ಬಂದೆನೆಂದು ನಿನಗೆ ಕೊರಗು, ನೀನು ಬೇಗ ಬಂದೆಯೆಂದು ನನಗೆ.

ನಾಗವೇಣಿ: ಅಯ್ಯೋ, ಎಷ್ಟು ಚೆನ್ನಾಗಿದೆ ಕಣೇ.

ಸುಮಾ: ಆ ಕುಂಬಾರರ ಬಟ್ಟಲುಗಳು ಸಮುದ್ರ ದಾಟಿ ಮಾರಾಟ ಆಗುತ್ತಿದ್ದವು. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಹತ್ತಿರ ಮುಳುಗಿದ ಹಡಗು ಸಿಕ್ಕಿತಲ್ಲ, ಅದರಲ್ಲಿ ಸಾವಿರಾರು ಇದ್ದವು. ಒಂದು ಬಟ್ಟಲಿನ ಮೇಲೆ 826ಕ್ಕೆ ಸರಿಹೊಂದುವ ತಾರೀಕು ಇದೆ.

ರವಿ: ಹೂಜಿಗೆ ನನ್ನ ತಕರಾರಿಲ್ಲ. ದುಡ್ಡು ಕೊಟ್ಟು ತಗೊಂಡವರು ಇಷ್ಟಪಟ್ಟೇ ತಗೊಂಡಿರುತ್ತಾರೆ. ಗೋಡೆಗೆ ಮಾತ್ರ ಯಜಮಾನನ ಒಪ್ಪಿಗೆ ಬೇಕೇ ಬೇಕು.

ಮಂಜು: "ಪ್ರತಿ ಮನೆ" ತೆಗೆದು, ಹೂಜಿ ಸೇರಿಸಿ ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಹಾಕಿದೆ. ಸೆಕ್ರೆಟರಿ ಆಗಲೇ ಕೇಳ್ತಿದ್ದಾರೆ, ಲಿಫ್ಟ್‌ನಲ್ಲಿ ಬರೆದವನು ನೀನೇನಾ ಅಂತ.