ಒಂದೇ ಮ್ಯಾಚ್ ಆಡಿ ವಿಂಬಲ್ಡನ್ ಗೆದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಾ?

ತೀರ್ಥಹಳ್ಳಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇಲ್ಲಿ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ನಿನ್ನೆ ಜಗಲಿ ಮೇಲೆ ಕೂತು ಮಾವನ ಜೊತೆ ಮಾತಾಡ್ತಾ ವಿಂಬಲ್ಡನ್ ಟೆನಿಸ್ ವಿಷಯ ಬಂತು. ಗಂಡಸರ ಸಿಂಗಲ್ಸನ್ನು ಸತತವಾಗಿ ಜಾಸ್ತಿ ಸಲ ಗೆದ್ದವರು ಯಾರು ಅಂತ. ನಾನು ಬೋರ್ಗ್ ಮತ್ತು ಫೆಡರರ್, ಇಬ್ಬರೂ ಐದೈದು ಸಲ ಅಂದೆ. ಮಾವ ತಲೆ ಅಲ್ಲಾಡಿಸಿ, ವಿಲಿಯಂ ರೆನ್‌ಷಾ ಅಂತ ಒಬ್ಬನಿದ್ದ, 1881ರಿಂದ 1886ರವರೆಗೆ ಆರು ಸಲ ಗೆದ್ದಿದ್ದಾನೆ ಅಂದರು. ಹುಡುಕಿ ನೋಡಿದೆ, ಅವರು ಹೇಳಿದ್ದು ನಿಜ. ಆದರೆ ಆ ಕಾಲದಲ್ಲಿ ಹಿಂದಿನ ವರ್ಷ ಗೆದ್ದವನು ಫೈನಲ್ ಒಂದನ್ನೇ ಆಡ್ತಿದ್ದ ಅಂತಲೂ ಅಲ್ಲೇ ಬರೆದಿತ್ತು. ಹಾಗಿದ್ದರೆ ಇದು ಫೆಡರರ್ ಗೆದ್ದಿದ್ದಕ್ಕೆ ಸಮ ಹೇಗಾಗುತ್ತೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ರ್ಯಾಕೆಟ್:

ನೀವು ಓದಿದ್ದು ಸರಿ. ಅದಕ್ಕೆ ಚಾಲೆಂಜ್ ರೌಂಡ್ ಅಂತಿದ್ದರು. 1877ರಲ್ಲಿ ಮೊದಲ ವಿಂಬಲ್ಡನ್ ನಡೆದಾಗ 22 ಜನ ಹೆಸರು ಕೊಟ್ಟಿದ್ದರು, ಎಲ್ಲರೂ ಮೊದಲಿಂದಲೇ ಆಡಬೇಕಿತ್ತು, ಸ್ಪೆನ್ಸರ್ ಗೋರ್ ಗೆದ್ದ. ಮುಂದಿನ ವರ್ಷದಿಂದ ರೂಲ್ಸ್ ಬದಲಾಯಿತು. ಗೆದ್ದವನು ಸುಮ್ನೆ ಕಾಯೋದು, ಉಳಿದವರೆಲ್ಲ ತಮ್ಮತಮ್ಮಲ್ಲೇ ಆಡಿ ಒಬ್ಬನನ್ನು ಅವನ ಎದುರು ಕಳಿಸೋದು. ಇದು 1921ರವರೆಗೂ ಹೀಗೇ ನಡೀತು. 1922ರಲ್ಲಿ ತೆಗೆದುಹಾಕಿದರು.

ಅಂದರೆ ರೆನ್‌ಷಾ 1881ರಲ್ಲಿ ಎಲ್ಲ ಸುತ್ತೂ ಆಡಿ ಬಂದ. 1882ರಿಂದ 1886ರವರೆಗಿನ ಐದು ಕಪ್ಪಿಗೆ ಆಡಿದ್ದು ಬರೀ ಐದು ಮ್ಯಾಚ್. ಅದರಲ್ಲೂ ಎರಡು ತನ್ನ ಅವಳಿ ತಮ್ಮ ಅರ್ನೆಸ್ಟ್ ಮೇಲೆ.

ಆದರೆ ಅವನನ್ನು ಅಷ್ಟಕ್ಕೇ ಅಳೆಯಬೇಡಿ. 1887ರಲ್ಲಿ ಮೊಣಕೈ ನೋವಿನಿಂದ ಆಡಲೇ ಇಲ್ಲ, ಪಟ್ಟ ಹೋಯಿತು. 1889ರಲ್ಲಿ ಎಲ್ಲರ ಹಾಗೆ ಕೆಳಗಿನಿಂದಲೇ ಆಡಬೇಕಾಯಿತು. ಹ್ಯಾರಿ ಬಾರ್ಲೋ ಎದುರು ಮೊದಲ ಎರಡು ಸೆಟ್ ಸೋತ, ನಾಲ್ಕನೇ ಸೆಟ್ಟಿನಲ್ಲಿ 2-5 ಹಿಂದೆ ಇದ್ದ, ಇನ್ನೊಂದು ಪಾಯಿಂಟ್ ಹೋದರೆ ಸೋಲು ಅನ್ನೋ ಆರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡ, ಐದನೇ ಸೆಟ್ಟಲ್ಲಿ 0-5 ಆಗಿಹೋಗಿತ್ತು, ಅಲ್ಲಿಂದ ಎದ್ದು 8-6ರಲ್ಲಿ ಗೆದ್ದ. ಆಮೇಲೆ ತಮ್ಮನನ್ನೂ ಸೋಲಿಸಿ ಏಳನೇ ಕಪ್ ತಗೊಂಡ. ನನಗೆ ಆ ಆರಕ್ಕಿಂತ ಈ ಒಂದೇ ದೊಡ್ಡದು.

ನಮ್ಮ ಅಜ್ಜನ ಮರದ ರ್ಯಾಕೆಟ್ ಇನ್ನೂ ಮನೆಯಲ್ಲಿದೆ. ರೆನ್‌ಷಾ ಕಾಲದ್ದಲ್ಲ, ಅದಕ್ಕಿಂತ ಎಷ್ಟೋ ಈಚಿನದು. ನಮ್ಮ ಮಳೆಗಾಲದ ಥಂಡಿಗೆ ಮರ ಸೊಟ್ಟ ಆಗುತ್ತೆ ಅಂತ ಎರಡು ಮರದ ಚೌಕಟ್ಟಿನ ನಡುವೆ ಇಟ್ಟು ನಾಲ್ಕು ಮೂಲೆಗೂ ನಟ್ ಬಿಗಿದು ಇಡ್ತಿದ್ದರು. ನಟ್ ತುಕ್ಕು ಹಿಡಿದಿದೆ, ಕರುಳಿನ ತಂತಿ ಎರಡು ಕಡೆ ಹರಿದಿದೆ, ಚೌಕಟ್ಟು ಮಾತ್ರ ಇವತ್ತಿಗೂ ನೆಟ್ಟಗಿದೆ. ಅದನ್ನು ಕೈಯಲ್ಲಿ ಹಿಡಿದು ನಾಲ್ಕು ಸಲ ಬೀಸಿ ನೋಡಿ, ಐದು ಸೆಟ್ ಆಡೋದು ಅಂದರೆ ಏನು ಅಂತ ಗೊತ್ತಾಗುತ್ತೆ.

ಕೊಪ್ಪದ_ಕಾಫಿ:

ಕಾಯುತ್ತಾ ಕೂತವನಿಗೆ ಎಲ್ಲಾ ಸುಲಭ ಅಂದುಕೊಳ್ಳಬೇಡಿ ಮಾರಾಯ್ರೇ. ಚಾಲೆಂಜ್ ರೌಂಡ್ ಶುರುವಾದ 1878ರಲ್ಲೇ ಗೋರ್ ಸೋತ. ಸೋಲಿಸಿದವನು ಫ್ರಾಂಕ್ ಹ್ಯಾಡೋ, ಸಿಲೋನಿನಲ್ಲಿ ತೋಟ ಮಾಡಿಕೊಂಡಿದ್ದವನು. ರಜೆಗೆ ಊರಿಗೆ ಬಂದಿದ್ದಾಗ ಆಡಿ ಒಂದು ಸೆಟ್ಟೂ ಬಿಟ್ಟುಕೊಡದೆ ಗೆದ್ದ. ಗೋರ್ ನೆಟ್ ಹತ್ತಿರ ಬಂದು ಚೆಂಡು ನೆಲಕ್ಕೆ ಬೀಳೋ ಮೊದಲೇ ಹೊಡೀತಿದ್ದ. ಹ್ಯಾಡೋ ಅವನ ತಲೆ ಮೇಲಿಂದ ಚೆಂಡನ್ನು ಎತ್ತಿ ಹಿಂದಕ್ಕೆ ಹಾಕಿದ. ಮುಂದಿನ ವರ್ಷ ಪಟ್ಟ ಉಳಿಸಿಕೊಳ್ಳೋಕೂ ಬರಲಿಲ್ಲ. ಎಸ್ಟೇಟ್ ಕೆಲಸ ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾ!

ನಮ್ಮೂರಲ್ಲಿ ಒಂದು ವಾಲಿಬಾಲ್ ಟೂರ್ನಮೆಂಟ್ ಹೀಗೇ ಮಾಡಿದ್ದರು, ಹಿಂದಿನ ಸಲ ಗೆದ್ದ ಟೀಮಿಗೆ ನೇರ ಫೈನಲ್. ಆ ಟೀಮಿನಲ್ಲಿ ನಾನಿದ್ದೆ. ಇಡೀ ದಿನ ಗದ್ದೆ ಬದಿಯಲ್ಲಿ ಕೂತಿದ್ದು, ಸಂಜೆ ಲೈಟ್ ಹಾಕಿದ ಮೇಲೆ ಇಳಿದೆವು. ಎದುರಿನವರು ನಾಲ್ಕು ಮ್ಯಾಚ್ ಆಡಿ ಮೈ ಬಿಸಿ ಮಾಡಿಕೊಂಡು ಬಂದಿದ್ದರು, ನಮಗೆ ಮೊದಲ ಹತ್ತು ಪಾಯಿಂಟ್ ಸರ್ವಿಸ್ ಎತ್ತೋಕೇ ಆಗಲಿಲ್ಲ. ಅದಕ್ಕೆ ಇದು ಎರಡೂ ಕಡೆ ಕೊಯ್ಯುವ ಕತ್ತಿ ಅಂತ ನನ್ನ ಅಭಿಪ್ರಾಯ.

ಶರಾವತಿ_ಸಾಗರ:

ಕೊಪ್ಪದವರೇ, ಒಪ್ಪಲ್ಲ. ಒಂದು ದಿನದ ಟೂರ್ನಮೆಂಟ್ ಬೇರೆ, ದಿನಗಟ್ಟಲೆ ಆಡೋದು ಬೇರೆ. ಫ್ರೆಡ್ ಪೆರ್ರಿಯನ್ನು ನೋಡಿ. 1934, 35, 36, ಮೂರೂ ವರ್ಷ ಏಳೇಳು ಸುತ್ತು ದಾಟಿ ಗೆದ್ದ, ಅದೂ ಬಹುಮಾನದ ದುಡ್ಡೇ ಇಲ್ಲದ ಅಮೆಚೂರ್ ಕಾಲದಲ್ಲಿ. ಅಷ್ಟು ಗೆದ್ದರೂ ಆಟದಿಂದ ದುಡಿಯಬೇಕು ಅಂದರೆ ಪ್ರೊಫೆಷನಲ್ ಆಗಬೇಕಿತ್ತು. ಆಗಿದ್ದೇ ವಿಂಬಲ್ಡನ್ ಬಾಗಿಲು ಮುಚ್ಚಿತು. 1968ರಲ್ಲಿ ಎಲ್ಲರಿಗೂ ತೆರೆಯುವವರೆಗೆ ಅದೇ ಕಥೆ. ರೆನ್‌ಷಾ ಆರು ಅನ್ನೋರು ಪೆರ್ರಿಯ ಮೂರನ್ನು ಪಕ್ಕದಲ್ಲಿಟ್ಟು ನೋಡಬೇಕು.

ಇನ್ನೊಂದು ಮಾತು. ಈ ಚಾಲೆಂಜ್ ರೌಂಡಿನ ಬಿಸಿ ನಮಗೂ ತಾಗಿದೆ. ವಿಂಬಲ್ಡನ್ ಬಿಟ್ಟರೂ ದೇಶದೇಶಗಳ ಟೀಮುಗಳು ಆಡೋ ಡೇವಿಸ್ ಕಪ್ 1971ರವರೆಗೆ ಬಿಡಲಿಲ್ಲ. 1966ರಲ್ಲಿ ರಾಮನಾಥನ್ ಕೃಷ್ಣನ್, ಜೈದೀಪ್ ಮುಖರ್ಜಿ ಅವರೆಲ್ಲ ಏಷ್ಯಾದ ಸುತ್ತುಗಳನ್ನು ದಾಟಿ, ಪಶ್ಚಿಮ ಜರ್ಮನಿಯನ್ನು ಸೋಲಿಸಿ, ಕಲ್ಕತ್ತಾದಲ್ಲಿ ಬ್ರೆಜಿಲ್ ಎದುರು 2-2 ಆಗಿದ್ದಾಗ ಕಡೇ ಮ್ಯಾಚಿನಲ್ಲಿ ಕೃಷ್ಣನ್ ನಾಲ್ಕನೇ ಸೆಟ್ 2-5ರಿಂದ ಎಬ್ಬಿಸಿ ಥಾಮಸ್ ಕೋಕ್ ಮೇಲೆ ಗೆದ್ದು ಮೆಲ್ಬರ್ನ್‌ಗೆ ಹೋದರು. ಆಸ್ಟ್ರೇಲಿಯಾ ಆ ವರ್ಷ ಒಂದೂ ಪಂದ್ಯ ಆಡದೆ ತನ್ನ ಊರಲ್ಲೇ, ತನ್ನ ಹುಲ್ಲಿನ ಮೇಲೆ ಕಾಯ್ತಾ ಇತ್ತು. ನಾವು 4-1ರಲ್ಲಿ ಸೋತೆವು. ಕೃಷ್ಣನ್ ಮತ್ತು ಮುಖರ್ಜಿ ಡಬಲ್ಸಿನಲ್ಲಿ ನ್ಯೂಕೊಂಬ್ ಮತ್ತು ರೋಚ್ ಜೋಡಿಯನ್ನು ಸೋಲಿಸಿದ್ದೇ ನಮಗೆ ಸಿಕ್ಕ ಆ ಒಂದು. ಆ ಪಯಣ ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ತೀರ್ಥಹಳ್ಳಿ_ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಇಲ್ಲಿ ಬರೆದಿದ್ದನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಬಾರ್ಲೋ ಮ್ಯಾಚ್ ಕೇಳಿ, ಆರರ ಮಾತು ಬಿಡು, ಆ ಏಳನೇದನ್ನ ಹೇಳಬೇಕಿತ್ತು ನಾನು ಅಂದರು. 1966 ಅಂದಾಗ ಮಾತ್ರ ಎದ್ದು ಕೂತರು. ಆಗ ಇವರು ಸ್ಕೂಲಿಗೆ ಹೋಗ್ತಿದ್ದ ಹುಡುಗ. ಪೇಟೆಯ ಅಂಗಡಿಯಲ್ಲಿ ಪೇಪರ್ ಬರೋವರೆಗೆ ಕೊಡೆ ಹಿಡಿದು ನಿಲ್ತಿದ್ದರಂತೆ, ಕೃಷ್ಣನ್ ಫೋಟೋ ಕತ್ತರಿಸಿ ಲೆಕ್ಕದ ಪುಸ್ತಕದ ರಟ್ಟಿಗೆ ಅಂಟಿಸಿದ್ದರಂತೆ. ಹಳೇ_ರ್ಯಾಕೆಟ್ ಅವರೇ, ನಿಮ್ಮ ಅಜ್ಜನ ರ್ಯಾಕೆಟ್ಟಿನ ಫೋಟೋ ಒಂದು ಹಾಕ್ತೀರಾ? ಮಾವ ನೋಡಬೇಕಂತೆ.