ಬ್ರೇಕ್ ಇಲ್ದಿರೋ ಬೈಕ್ ರೇಸ್, ಹೆಂಗ್ ಓಡಿಸ್ತಾರೆ ಗುರು?

ಗೇರ್‌ಪ್ರಿಯ: ನಿನ್ನೆ ರಾತ್ರಿ ಪೋಲೆಂಡ್‌ದು ಸ್ಪೀಡ್‌ವೇ ಕ್ಲಿಪ್ ನೋಡ್ದೆ, ನಾಲ್ಕೇ ಜನ, ಮಣ್ಣಿನ ಟ್ರ್ಯಾಕು, ಬೈಕಿಗೆ ಬ್ರೇಕೇ ಇಲ್ವಂತೆ. ನಿಜಾನಾ? ಇದು ಶುರುವಾಗಿದ್ದೆಲ್ಲಿ?

ಮಣ್ಣುಟ್ರ್ಯಾಕ್: ನಿಜ ಗುರು. 500 ಸಿಸಿ, ಒಂದೇ ಗೇರು, ಮೆಥನಾಲ್ ಇಂಧನ. ಯಾವಾಗ್ಲೂ ಎಡಕ್ಕೇ ತಿರುಗೋದು, ಆದ್ರೆ ಹಿಂದಿನ ಚಕ್ರ ಜಾರಿಸ್ಕೊಂಡು ಹ್ಯಾಂಡಲ್ ಬಲಕ್ಕೆ ತಿರುಗಿಸಿಟ್ಟಿರ್ತಾರೆ, ಎಡಗಾಲು ನೆಲಕ್ಕೆ ಉಜ್ತಾ ಇರತ್ತೆ ಅಂತ ಬೂಟಿನಡಿ ಸ್ಟೀಲ್ ಪ್ಲೇಟ್ ಬೇರೆ. ನಾಲ್ಕು ಲ್ಯಾಪು, ಒಂದು ನಿಮಿಷದಲ್ಲಿ ಮುಗೀತು, ಪಾಯಿಂಟ್ 3, 2, 1, ಕೊನೆಯವನಿಗೆ ಸೊನ್ನೆ.

ಹಳೇಸೈಲೆನ್ಸರ್: ಶುರು ಎಲ್ಲಿ ಅನ್ನೋದೇ ದೊಡ್ಡ ಜಗಳ. 1923ರ ಡಿಸೆಂಬರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲೆಂಡ್‌ನಲ್ಲಿ ಜಾನಿ ಹಾಸ್ಕಿನ್ಸ್ ಅನ್ನೋರು ನಡೆಸಿದ ರೇಸೇ ಮೊದಲು ಅಂತಾರೆ, ಅದಕ್ಕೂ ಮುಂಚೆ ಅಮೆರಿಕದಲ್ಲಿ ಮಣ್ಣಿನ ಟ್ರ್ಯಾಕ್ ರೇಸ್ ಇತ್ತಲ್ಲ ಅನ್ನೋರೂ ಇದ್ದಾರೆ. ಬ್ರಿಟನ್ನಿಗೆ ಈ ಹುಚ್ಚು ಹತ್ತಿದ್ದು 1928ರಲ್ಲಿ, ಲಂಡನ್ ಹತ್ರ ಹೈ ಬೀಚ್‌ನ ರೇಸ್ ಆದ್ಮೇಲೆ. 1981ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ನಡೆದ ವರ್ಲ್ಡ್ ಫೈನಲ್‌ಗೆ ಸುಮಾರು 90 ಸಾವಿರ ಜನ ಸೇರಿದ್ರು, ಗೆದ್ದಿದ್ದು ಅಮೆರಿಕದ ಬ್ರೂಸ್ ಪೆನ್‌ಹಾಲ್. ಆಮೇಲೆ ಅಲ್ಲಿ ವರ್ಲ್ಡ್ ಫೈನಲ್ ನಡೀಲೇ ಇಲ್ಲ!

ಗೇರ್‌ಪ್ರಿಯ: ಅಬ್ಬಾ! ಈಗ ಎಲ್ಲಾ ಪೋಲೆಂಡೇನಾ?

ಮಣ್ಣುಟ್ರ್ಯಾಕ್: ಹೂಂ, ಲೆಶ್ನೋ, ತೋರೂನ್ ಇಂಥ ಊರಲ್ಲಿ ಸ್ಪೀಡ್‌ವೇ ಅಂದ್ರೆ ಫುಟ್ಬಾಲ್‌ಗಿಂತ ಒಂದು ಕೈ ಮೇಲೆ. ಅಲ್ಲಿನ ಸ್ಟಾರ್ ರೇಸರ್ ಬಾರ್ತೋಷ್ ಜ್ಮಾರ್ಜ್ಲಿಕ್ ರೇಸ್ ಹುಡುಕಿ ನೋಡು. ಹಳೇ ಫ್ಯಾನ್ಸ್ ಪೆನ್ನು ಹಿಡ್ಕೊಂಡು ಪ್ರತಿ ಹೀಟಿನ (ಅಂದ್ರೆ ಆ ನಾಲ್ಕು ಲ್ಯಾಪಿನ ಒಂದೊಂದು ರೇಸಿನ) ಪಾಯಿಂಟೂ ಪ್ರೋಗ್ರಾಂ ಪುಸ್ತಕದಲ್ಲಿ ಬರೀತಾ ಕೂರ್ತಾರೆ, ಮೊಬೈಲಲ್ಲಿ ಸ್ಕೋರ್ ಬಂದ್ರೂ ಬಿಡಲ್ಲ. ಬೆಂಡ್ ಹತ್ರ ಮುಂದಿನ ಸಾಲಲ್ಲಿ ಕೂತ್ರೆ ಮಾತ್ರ ಮೈಮೇಲೆಲ್ಲಾ ಮಣ್ಣು ಗ್ಯಾರಂಟಿ.